ಒತ್ತಾಗಿ ಬಿತ್ತಿದ ರಾಗಿ ಸೊರಗುವುದೇಕೆ?

ಬೀಜ ಹೆಚ್ಚು ಎರಚಿದರೆ ರಾಗಿ ಹೆಚ್ಚು ಬರುತ್ತಾ? ಇಲ್ಲ!

ಒತ್ತಾಗಿ ಬಿತ್ತಿದ ಪೈರು ನೋಡಿ. ಕಾಂಡ ಸಣಕಲು, ಬುಡದ ಎಲೆ ಹಳದಿ, ತೆಂಡೆ ಒಂದೋ ಎರಡೋ.

ಒಂದೇ ಜಾತಿಯ ಗಿಡಗಳಿಗೆ ಬೇಕಾದದ್ದೂ ಒಂದೇ. ಬೇರುಗಳು ಒಂದೇ ಆಳದಲ್ಲಿ, ಒಂದೇ ಹೊತ್ತಿಗೆ, ಅದೇ ನೀರು, ಅದೇ ಸಾರಜನಕಕ್ಕೆ ಪೈಪೋಟಿಗೆ ಇಳಿಯುತ್ತವೆ.

ಮೇಲೆ ಬೆಳಕಿಗೂ ಪೈಪೋಟಿ. ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ದೂರಗೆಂಪು ಬೆಳಕನ್ನು ಹೊರಚೆಲ್ಲುತ್ತವೆ. ಪಕ್ಕದ ಗಿಡ ಫೈಟೋಕ್ರೋಮ್ ಎಂಬ ಪ್ರೋಟೀನಿನಿಂದ ಈ ಬದಲಾವಣೆ ಗುರುತಿಸುತ್ತದೆ. ಆಗ ತೆಂಡೆ ಒಡೆಯುವುದು ಕಡಿಮೆಯಾಗಿ, ಕಾಂಡ ಉದ್ದಕ್ಕೆ ಬೆಳೆಯುತ್ತದೆ. ಜೋರು ಗಾಳಿ ಬಂದರೆ ಪೈರು ಮಲಗುತ್ತದೆ.

ಇನ್ನು ಹಾವೇರಿ ಸೀಮೆಯ ಗುಳಿ ರಾಗಿ ನೋಡಿ. ಸುಮಾರು ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಎರಡು ಸಸಿ, ಜೊತೆಗೆ ಕೊಟ್ಟಿಗೆ ಗೊಬ್ಬರ. ಬೇರಿಗೆ ಜಾಗ ಸಿಕ್ಕಿತು, ಬುಡಕ್ಕೆ ಬಿಸಿಲು ಬಿತ್ತು. ಹತ್ತಾರು ತೆಂಡೆ, ತುಂಬಿದ ತೆನೆ!

ಸಾಲು ಬಿತ್ತನೆಯಾದರೆ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇರಲಿ. ಬಿತ್ತಿದ ಎರಡು ಮೂರು ವಾರದಲ್ಲಿ ಹೆಚ್ಚಿನ ಪೈರು ಕಿತ್ತು, ಖಾಲಿ ಇದ್ದಲ್ಲಿ ನೆಡಿ. ಕೀಳಲು ಮನಸ್ಸು ಬಾರದು, ನಿಜ. ಆದರೂ ಕೀಳಿ, ಉಳಿದ ಪೈರು ಚೆನ್ನಾಗಿ ತೆನೆ ಕಟ್ಟುತ್ತದೆ.