ಬೆಟ್ಟ ಹತ್ತಿ, ಪಟ್ಟಿಗೆ ಸೇರಿಸಿ!

ನಮ್ಮ ಮನೆಯಲ್ಲಿ ನೂರು ಪುಟದ ಒಂದು ನೋಟ್ ಪುಸ್ತಕ ಇದೆ. ಆರನೇ ತರಗತಿಯಲ್ಲಿ ಓದುವ ಮೊಮ್ಮಗಳು ತನ್ನ ಪಠ್ಯಪುಸ್ತಕಗಳಿಗಿಂತ ಅದನ್ನೇ ಹೆಚ್ಚು ಜೋಪಾನ ಮಾಡುತ್ತಾಳೆ. ಅದರಲ್ಲಿರುವುದು ಬೆಟ್ಟಗಳು. ಪ್ರತಿ ಬೆಟ್ಟಕ್ಕೂ ಒಂದು ಸಾಲು: ಹೆಸರು, ಎತ್ತರ, ಹತ್ತಿದ ದಿನ, ಕೊನೆಗೊಂದು ಪುಟ್ಟ ಚೌಕ. ತುದಿ ಮುಟ್ಟಿ ಬಂದ ಮೇಲೆ ಆ ಚೌಕದಲ್ಲಿ ಕೆಂಪು ಶಾಯಿಯಲ್ಲಿ ರೈಟ್ ಗುರುತು.

ಈ ಹುಚ್ಚು ಶುರುವಾಗಿ ಎರಡು ವರ್ಷವಾಯಿತು. ನನಗೆ ಸಕ್ಕರೆ ಕಾಯಿಲೆ. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಪಾರ್ಕಿನಲ್ಲಿ ಸುತ್ತು ಹಾಕಿ ಹಾಕಿ ನನಗೂ ಬೇಜಾರು, ಜೊತೆಗೆ ಬರುತ್ತಿದ್ದ ಪುಟ್ಟಿಗೂ ಬೇಜಾರು. ಒಂದು ದಿನ ಅವಳೇ ಕೇಳಿದಳು: "ತಾತ, ಸುತ್ತೋದು ಬಿಟ್ಟು ಮೇಲಕ್ಕೆ ಹೋದ್ರೆ ಹೇಗೆ?"

ಹೀಗೆ ಪಟ್ಟಿ ಮಾಡಿಕೊಂಡು ಶಿಖರಗಳನ್ನು ಒಂದೊಂದಾಗಿ ಹತ್ತುವ ಹವ್ಯಾಸಕ್ಕೆ ಇಂಗ್ಲಿಷಿನಲ್ಲಿ 'ಪೀಕ್ ಬ್ಯಾಗಿಂಗ್' ಎಂಬ ಹೆಸರಿದೆ. ಸ್ಕಾಟ್ಲೆಂಡ್‌ನಲ್ಲಿ ಇದು ಮನೆಮಾತು. ಅಲ್ಲಿ ಸರ್ ಹ್ಯೂ ಮನ್ರೋ ಎಂಬುವರು 1891ರಲ್ಲಿ ತಮ್ಮ ನಾಡಿನ 3,000 ಅಡಿಗಿಂತ ಎತ್ತರದ ಬೆಟ್ಟಗಳ ಪಟ್ಟಿ ಪ್ರಕಟಿಸಿದರು. ಈಗ ಆ ಬೆಟ್ಟಗಳಿಗೆ 'ಮನ್ರೋ' ಎಂದೇ ಹೆಸರು. ಪಟ್ಟಿಯಲ್ಲಿ ಇಂದು 282 ಬೆಟ್ಟಗಳಿವೆ. ಅಷ್ಟನ್ನೂ ಹತ್ತಿ ಮುಗಿಸಲು ಜನ ವರ್ಷಗಟ್ಟಲೆ ರಜಾದಿನಗಳನ್ನು ಮೀಸಲಿಡುತ್ತಾರೆ.

ಇದನ್ನು ಕೇಳಿ ಪುಟ್ಟಿ ಬೆಂಗಳೂರಿನ ಎತ್ತರ ಹುಡುಕಿದಳು. ಸುಮಾರು 920 ಮೀಟರ್, ಅಂದರೆ 3,000 ಅಡಿಗಿಂತ ಸ್ವಲ್ಪ ಹೆಚ್ಚೇ! "ಹಾಗಾದ್ರೆ ನಮ್ಮನೆ ಬಾಗಿಲಲ್ಲಿ ನಿಂತ್ರೂ ನಾವು ಮನ್ರೋ ಎತ್ತರದಲ್ಲಿದ್ದೀವಿ!" ಎಂದು ಕುಣಿದಳು. ಲೆಕ್ಕ ಸರಿ. ಆದರೆ ಮಕ್ಕಳೇ, ಸಮುದ್ರಮಟ್ಟದಿಂದ ಅಳೆಯುವ ಎತ್ತರ ಬೇರೆ, ಬುಡದಿಂದ ತುದಿಗೆ ನಾವು ಏರುವ ಎತ್ತರ ಬೇರೆ. ನಂದಿ ಬೆಟ್ಟ 1,478 ಮೀಟರ್ ಎಂದ ಮಾತ್ರಕ್ಕೆ ನಮ್ಮ ಕಾಲು ಅಷ್ಟನ್ನೂ ಏರುವುದಿಲ್ಲ. ಕಾಲಿಗೆ ಲೆಕ್ಕಕ್ಕೆ ಬರುವುದು ಬುಡದಿಂದಾಚೆಗಿನದು ಮಾತ್ರ.

ಅಂದೇ ಪುಸ್ತಕದ ಮೊದಲ ಪುಟದಲ್ಲಿ ಮೂರು ನಿಯಮ ಬರೆದೆವು. ಒಂದು: ಮೇಲಿನವರೆಗೆ ರಸ್ತೆ ಇದ್ದರೂ ಬುಡದಿಂದ ನಡೆದೇ ಹತ್ತಬೇಕು. ಎರಡು: ತುದಿ ಮುಟ್ಟಿದರೆ ಮಾತ್ರ ರೈಟ್ ಗುರುತು. ಮೂರು: ಇಬ್ಬರಲ್ಲಿ ಯಾರು "ಸಾಕು" ಎಂದರೂ ಇಳಿಯಬೇಕು, ಅಂದವರನ್ನು ಅಣಕಿಸಬಾರದು. ಮೂರನೆಯದನ್ನು ಬರೆಸಿದ್ದು ನಾನೇ. ಮಗು ಸುಸ್ತಾದರೆ ನಾಚಿಕೆ ಪಡದೆ ಹೇಳಲಿ ಎಂದು.

ಮೊದಲು ನಂದಿ. ಸುಲ್ತಾನ್‌ಪೇಟೆ ಕಡೆಯ ಹಳೆಯ ಮೆಟ್ಟಿಲುಗಳನ್ನು ಎಣಿಸುತ್ತಾ ಹೊರಟವಳು ಐನೂರು ದಾಟಿದ ಮೇಲೆ ಕೋತಿಯೊಂದನ್ನು ನೋಡಿ ಲೆಕ್ಕ ತಪ್ಪಿದಳು. ಆಮೇಲೆ ದೇವರಾಯನದುರ್ಗ: ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಮೂರನೆಯದು ಶಿವಗಂಗೆ. ಅಲ್ಲಿ ಒಳಕಲ್ಲು ತೀರ್ಥದ ಹತ್ತಿರ ಅರ್ಧ ಗಂಟೆ ಕೂತು, ಕಂಬಿ ಹಿಡಿದು ತುದಿಯ ನಂದಿಯನ್ನು ತಲುಪಿದೆವು. ಮೂರು ಚೌಕ, ಮೂರು ಕೆಂಪು ಗುರುತು.

ನಾಲ್ಕನೆಯದು ಮಾಗಡಿ ಬಳಿಯ ಸಾವನದುರ್ಗ, 1,226 ಮೀಟರ್. ಅಲ್ಲಿ ಮೆಟ್ಟಿಲಿಲ್ಲ. ಬೋಳು ಬಂಡೆಯ ಮೈಮೇಲೇ ನಡೆಯಬೇಕು. ಕಳೆದ ಸೆಪ್ಟೆಂಬರ್‌ನಲ್ಲಿ ಮುಕ್ಕಾಲು ಪಾಲು ಏರಿದ್ದೆವು. ತುಂತುರು ಶುರುವಾಯಿತು. ಇಳಿಯುತ್ತಿದ್ದ ಹುಡುಗರು "ಇನ್ನು ಹತ್ತೇ ನಿಮಿಷ ಅಂಕಲ್" ಎಂದರು. ನನಗೂ ಹುರುಪು. ಇಷ್ಟು ದೂರ ಬಂದು ತುದಿಯ ನಂದಿ ಮಂಟಪ ನೋಡದೆ ಹೋಗುವುದೇ? ಎರಡು ಹೆಜ್ಜೆ ಇಟ್ಟೆ. ಬಲಗಾಲು ಸರ್ರನೆ ಜಾರಿತು. ಅಂಗೈ ಊರಿ ಕುಳಿತುಬಿಟ್ಟೆ. ಏಟು ದೊಡ್ಡದಲ್ಲ, ಅಂಗೈ ತರಚಿತು ಅಷ್ಟೆ. "ಏನೂ ಆಗಿಲ್ಲ, ನಡಿ" ಎಂದೆ.

ಪುಟ್ಟಿ ನಿಂತಲ್ಲೇ ನಿಂತಳು. "ತಾತ, ಸಾಕು" ಎಂದಳು.

"ನಿನಗೆ ಸುಸ್ತಾಯಿತಾ?"

"ನನಗಲ್ಲ. ನಿಮಗೆ."

ಸಿಟ್ಟು ಬಂತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ನಿಯಮ ಬರೆಸಿದವನು ನಾನು. ಕುಳಿತುಕೊಂಡೇ ಬಂಡೆಯ ಮೇಲೆ ಅಂಗುಲ ಅಂಗುಲ ಜಾರಿಕೊಂಡು ಇಳಿದೆವು. ಅರ್ಧ ದಾರಿಯಲ್ಲಿ ಮಳೆ ಜೋರಾಯಿತು. ಬಂಡೆಯ ಮೇಲೆ ನೀರು ಹರಿಯತೊಡಗಿತು. ನಾವು ಮೇಲೆ ಹೋಗಿದ್ದರೆ ಅದೇ ನೀರಿನಲ್ಲಿ ಇಳಿಯಬೇಕಿತ್ತು. ಆ ಮಾತನ್ನು ನಾನೂ ಆಡಲಿಲ್ಲ, ಅವಳೂ ಆಡಲಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಪಟ್ಟಿ ಶುರು ಮಾಡುವುದಾದರೆ ಇವನ್ನು ನೆನಪಿಡಿ:

• ಮೊದಲ ಪಟ್ಟಿ ಐದು ಬೆಟ್ಟ ಮೀರದಿರಲಿ. ಬೆಳಗ್ಗೆ ಹೋಗಿ ಸಂಜೆಗೆ ಮನೆ ಸೇರುವಂಥವು, ಮೆಟ್ಟಿಲಿರುವಂಥವು ಮೊದಲು. ಮುಳ್ಳಯ್ಯನಗಿರಿ (1,930 ಮೀಟರ್), ತಡಿಯಂಡಮೋಳ್ (1,748 ಮೀಟರ್) ಆಮೇಲೆ. ಕಾಡಿನೊಳಗಿನ ಹಲವು ಚಾರಣಗಳಿಗೆ ಅರಣ್ಯ ಇಲಾಖೆಯಲ್ಲಿ ಮೊದಲೇ ಬುಕ್ ಮಾಡಬೇಕು.

• ಮಂಡಿ ನೋವು, ಬಿ.ಪಿ., ಹೃದಯದ ತೊಂದರೆ ಇರುವ ಹಿರಿಯರು ಡಾಕ್ಟರನ್ನು ಕೇಳಿಯೇ ಹೊರಡಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಕೈಯಲ್ಲಿ ಒಂದು ಕೋಲಿರಲಿ. ಸಕ್ಕರೆ ಕಾಯಿಲೆಯವರ ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲೇಬೇಕು.

• ಹಿಡಿತವಿರುವ ಶೂ, ತಲೆಗೆ ಟೋಪಿ, ಸಾಕಷ್ಟು ನೀರು, ಕಡಲೆಕಾಯಿ, ಬಾಳೆಹಣ್ಣು. ತಿಂಡಿಯನ್ನು ಕೈಯಲ್ಲಿ ಹಿಡಿದರೆ ಕೋತಿಗಳ ಪಾಲು. ಖಾಲಿ ಬಾಟಲಿ, ಕವರ್ ಎಲ್ಲ ನಿಮ್ಮ ಜೊತೆಗೇ ಕೆಳಗಿಳಿಯಲಿ.

• ಬಂಡೆಗಳಲ್ಲಿ ಹೆಜ್ಜೇನು ಗೂಡು ಕಟ್ಟಿರುತ್ತದೆ. ಕಲ್ಲೆಸೆಯುವುದು, ಹೊಗೆ ಹಾಕುವುದು ಬೇಡ.

• ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ. ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ಬುಡದಲ್ಲೇ ನಿರ್ಧರಿಸಿ. ಮೇಲೆ ಹೋದ ಮೇಲೆ ಮನಸ್ಸು ಲೆಕ್ಕ ತಪ್ಪುತ್ತದೆ. ನನಗೆ ತಪ್ಪಿದ ಹಾಗೆ.

ಅಂದು ಮಾಗಡಿಯಿಂದ ಬರುವಾಗ ಬಸ್ಸಿನಲ್ಲಿ ಪುಟ್ಟಿ ಮುಖ ಸಪ್ಪಗೆ ಮಾಡಿಕೊಂಡಿದ್ದಳು. ನಾನು ಮನ್ರೋ ಅವರ ಉಳಿದ ಕಥೆ ಹೇಳಿದೆ. ಪಟ್ಟಿ ಮಾಡಿದ ಆ ಮಹಾಶಯರು 1919ರಲ್ಲಿ ತೀರಿಕೊಂಡಾಗ ತಮ್ಮದೇ ಪಟ್ಟಿಯನ್ನು ಮುಗಿಸಿರಲಿಲ್ಲ. ಹಗ್ಗ ಹಿಡಿದು ಹತ್ತಬೇಕಾದ ಒಂದು ಚೂಪು ಬಂಡೆ ಅವರಿಗೆ ದಕ್ಕಲೇ ಇಲ್ಲ. ಕೊನೆಗೆ ಹತ್ತೋಣವೆಂದು ಎತ್ತಿಟ್ಟಿದ್ದ ಇನ್ನೊಂದು ಬೆಟ್ಟವೂ ಹಾಗೇ ಉಳಿಯಿತು.

"ಅಂದ್ರೆ ಅವರ ಪುಸ್ತಕದಲ್ಲೂ ಖಾಲಿ ಚೌಕ ಇತ್ತಾ?"

"ಇತ್ತಲ್ಲ."

ಮನೆಗೆ ಬಂದವಳೇ ಸಾವನದುರ್ಗದ ಸಾಲಿನಲ್ಲಿ ಪೆನ್ಸಿಲಿನಿಂದ ಅಂದಿನ ತಾರೀಖು ಬರೆದಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಮಳೆ. ತಾತನ ಕೈ ತರಚಿತು. ವಾಪಸ್' ಎಂದು ಸೇರಿಸಿದಳು. ಚೌಕ ಖಾಲಿ ಬಿಟ್ಟಳು. ಡಿಸೆಂಬರ್‌ನಲ್ಲಿ ಬಂಡೆ ಒಣಗಿರುತ್ತದೆ. ಕೆಂಪು ಪೆನ್ನನ್ನು ಪುಸ್ತಕದೊಳಗೇ ಸಿಕ್ಕಿಸಿಟ್ಟಿದ್ದಾಳೆ.