ಮುಪ್ಪಿನಲ್ಲಿ ಮುಷ್ಟಿಯ ಬಲ

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯು ತುಂಗಭದ್ರೆಯ ದಡದಲ್ಲಿರುವ ಊರು. ಇಂತಹ ಊರುಗಳಲ್ಲಿ ಹಿಂದೆ ಕೈಗಳಿಗೆ ಬೇರೆ ವ್ಯಾಯಾಮ ಬೇಕಾಗಿರಲಿಲ್ಲ. ಹಗ್ಗ ಜಗ್ಗಿ ನೀರು ಸೇದುವುದು, ಬೀಸುಕಲ್ಲು ತಿರುವುವುದು, ಒಗೆದ ಬಟ್ಟೆ ಹಿಂಡುವುದು, ಜೋಳದ ರೊಟ್ಟಿ ಬಡಿಯುವುದು ಇವೆಲ್ಲವೂ ಮುಷ್ಟಿಗೆ ಬಲ ಕೊಡುತ್ತಿದ್ದುವು. ನಲ್ಲಿಯೂ ಹಿಟ್ಟಿನ ಗಿರಣಿಯೂ ಬಂದು ಆ ದುಡಿಮೆ ಕಡಮೆಯಾಯಿತು, ಅದು ಒಳ್ಳೆಯದೇ. ಆದರೆ ಅದರೊಡನೆ ಕುಂದಿದ ಬಲವನ್ನು ನಮ್ಮ ಮನೆಯ ಹಿರಿಯರು ಮರಳಿ ಪಡೆಯಬಹುದೆ?

ಈ ಬಲ ಹುಟ್ಟುವುದೆಲ್ಲಿ? ಬಲಗೈಯ ಮುಂದೋಳನ್ನು ಎಡಗೈಯಿಂದ ಹಿಡಿದು, ಬಲಮುಷ್ಟಿಯನ್ನು ಬಿಗಿಯಿರಿ. ಮುಂದೋಳಿನ ಸ್ನಾಯುಗಳು ಉಬ್ಬುವುದು ತಿಳಿಯುತ್ತದೆ. ಬೆರಳುಗಳನ್ನು ಬಾಗಿಸುವ ಸ್ನಾಯುಗಳು ಬೆರಳುಗಳೊಳಗಿಲ್ಲ. ಮುಂದೋಳಿನ ಸ್ನಾಯುಗಳೇ ಗಟ್ಟಿಯಾದ ಹುರಿಗಳ ಮೂಲಕ ಅವನ್ನು ಎಳೆಯುತ್ತವೆ. ಹುರಿಯು ಕೀಲಿಗೆ ಅತಿ ಸಮೀಪದಲ್ಲಿಯೂ ಬೆರಳತುದಿಯು ದೂರದಲ್ಲಿಯೂ ಇರುವುದರಿಂದ, ಸನ್ನೆಯ ನಿಯಮದಂತೆ, ತುದಿಯ ಒತ್ತಡಕ್ಕಿಂತ ಹಲವು ಪಟ್ಟು ಹೆಚ್ಚಿನ ಎಳೆತ ಬೇಕಾಗುತ್ತದೆ.

ಒಂದು ಕಿಲೋಗ್ರಾಂ ತೂಗುವ ಚೆಂಬನ್ನು ಹೆಬ್ಬೆರಳು ಒಂದು ಬದಿಯಿಂದ, ಉಳಿದ ಬೆರಳುಗಳು ಇನ್ನೊಂದು ಬದಿಯಿಂದ ಒತ್ತಿ ಹಿಡಿದಿವೆಯೆನ್ನೋಣ. ಅದನ್ನು ಬೀಳದಂತೆ ತಡೆಯುವುದು ಘರ್ಷಣೆ. ಘರ್ಷಣಾಂಕ 0.5 ಇದ್ದರೆ ಪ್ರತಿ ಬದಿಗೂ 1 ಕಿಲೋಗ್ರಾಂ ತೂಕದಷ್ಟು ಒತ್ತಡ ಸಾಕು. ಸಾಬೂನು ತಾಗಿ ಅದು 0.25ಕ್ಕೆ ಇಳಿದರೆ 2 ಕಿಲೋಗ್ರಾಂ ತೂಕದಷ್ಟು ಬೇಕು. ಬಲ ಕುಂದಿದ ಕೈಯಿಂದ ಬಿಸಿನೀರಿನ ಪಾತ್ರೆ ಜಾರುವುದು ಹೀಗೆ.

ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿಡಿತವು 5 ಕಿಲೋಗ್ರಾಂ ಕಡಮೆಯಾದಂತೆಲ್ಲ ಮರಣದ ಸಂಭವವು ಶೇಕಡಾ 16ರಷ್ಟು ಹೆಚ್ಚಾಗಿ ಕಂಡಿತು. ಚೆಂಡನ್ನು ಹಿಚುಕಿದರೆ ಆಯುಸ್ಸು ಬೆಳೆಯುವುದೆಂದು ಇದರ ಅರ್ಥವಲ್ಲ; ಹಿಡಿತವು ಇಡೀ ದೇಹದ ಬಲಕ್ಕೆ ಒಂದು ಸೂಚಿ. ಏಷ್ಯದ ತಜ್ಞರು 2019ರಲ್ಲಿ ಗೊತ್ತುಮಾಡಿದಂತೆ ಗಂಡಸರಲ್ಲಿ 28, ಹೆಂಗಸರಲ್ಲಿ 18 ಕಿಲೋಗ್ರಾಮಿಗಿಂತ ಕೆಳಗಿನದು ದುರ್ಬಲ ಹಿಡಿತ.

ವಯಸ್ಸಾದ ಸ್ನಾಯು ಮತ್ತೆ ಬಲಗೊಳ್ಳುವುದೆ? 1990ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ವ್ಯಾಯಾಮ ಮಾಡಿಸಿದಾಗ, ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟನ್ನು ಮೀರಿತು. ಕೈಯ ಸ್ನಾಯುವೂ ಅಂತಹುದೇ.

ಮನೆಯಲ್ಲಿ ಮಾಡಬಹುದಾದುದು ಸುಲಭ. ಕುಳಿತುಕೊಂಡು ಮೆತ್ತನೆಯ ಚೆಂಡನ್ನು ಹಿಚುಕಿ, ಐದು ಎಣಿಸಿ ಬಿಡುವುದು, ಪ್ರತಿ ಕೈಗೂ ಹತ್ತು ಸಲ. ಒದ್ದೆ ಪಂಚೆಯನ್ನು ಎರಡೂ ದಿಕ್ಕಿಗೆ ಹಿಂಡುವುದು. ಬೆರಳುಗಳಿಗೆ ರಬ್ಬರ್ ಪಟ್ಟಿ ಹಾಕಿ ಬಿಡಿಸುವುದು. ಮುಚ್ಚುವ ಸ್ನಾಯುಗಳಂತೆ ತೆರೆಯುವವೂ ದುಡಿಯಬೇಕು. ನಡೆಯಬಲ್ಲವರು ಹಗುರವಾದ ಚೀಲ ಹಿಡಿದು ಹತ್ತು ಹೆಜ್ಜೆ ನಡೆಯುವುದು. ವಾರಕ್ಕೆ ಎರಡು ಮೂರು ದಿನ, ನಡುವೆ ವಿಶ್ರಾಂತಿಯೊಡನೆ ಮಾಡಿದರೆ ಸಾಕು. ಉಸಿರು ಬಿಗಿಹಿಡಿಯಕೂಡದು. ಕೀಲು ಊದಿದ್ದರೆ, ರಕ್ತದೊತ್ತಡ ಹೆಚ್ಚಾಗಿದ್ದರೆ, ಮೊದಲು ವೈದ್ಯರನ್ನು ಕೇಳತಕ್ಕದ್ದು.

ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಅಜ್ಜ ಅಜ್ಜಿಯರೊಡನೆ ಕುಳಿತು ಎಣಿಕೆ ಹಿಡಿಯಲಿ. ವಾರವಾರವೂ ಎಷ್ಟು ಸಲ ಹಿಚುಕಿದರೆಂದು ಬರೆದಿಟ್ಟರೆ, ಮನೆಯಲ್ಲಿಯೇ ಒಂದು ಪ್ರಯೋಗ ನಡೆದಂತಾಗುವುದು.