ಬೈರೂತಿನಲ್ಲಿ ಹುಟ್ಟಿದ ಬಾಸ್ಕೆಟ್‌ಬಾಲ್ ಗುರು: ಸ್ಟೀವ್ ಕೆರ್

ಕ್ರೀಡಾಪಟುಗಳನ್ನು ಕುರಿತು ಬರೆಯುವಾಗ ಅವರ ಗೆಲುವುಗಳ ಪಟ್ಟಿಯನ್ನು ಮೊದಲು ಮುಂದಿಡುವುದು ವಾಡಿಕೆ. ಅಮೆರಿಕದ ಶ್ರೀ ಸ್ಟೀವ್ ಕೆರ್ ಅವರಿಗೆ ಅಂಥ ಪಟ್ಟಿಯ ಕೊರತೆಯೇನೂ ಇಲ್ಲ. ಎನ್.ಬಿ.ಎ. ಎಂದು ಹೆಸರಾದ ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯನ್ನು ಅವರು ಆಟಗಾರರಾಗಿ 5 ಬಾರಿ, ತರಬೇತುದಾರರಾಗಿ 4 ಬಾರಿ ಗೆದ್ದವರು. ಆದರೆ ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಅವರನ್ನು ಕುರಿತು ಬರೆಯಬೇಕೆನಿಸಿದ್ದು ಅದಕ್ಕಾಗಿ ಅಲ್ಲ. ಅವರು ಬಂದ ಮನೆತನಕ್ಕಾಗಿ, ಆ ಮನೆಗೆ ಒದಗಿದ ದುಃಖವನ್ನು ಅವರು ಹೊತ್ತು ನಡೆದ ಬಗೆಗಾಗಿ.

ಕೆರ್ ಅವರ ಅಜ್ಜ ಸ್ಟ್ಯಾನ್ಲಿ ಕೆರ್ ಮೊದಲನೆಯ ಮಹಾಯುದ್ಧದ ತರುವಾಯ ಇಂದಿನ ತುರ್ಕಿಯ ಮರಾಶ್ ಪಟ್ಟಣಕ್ಕೆ ಹೋಗಿ, ನೆಲೆ ಕಳೆದುಕೊಂಡ ಆರ್ಮೇನಿಯನ್ ನಿರಾಶ್ರಿತರ ಹಾಗೂ ಅನಾಥ ಮಕ್ಕಳ ಸೇವೆಯಲ್ಲಿ ತೊಡಗಿದವರು. ಮುಂದೆ ಅವರು ಲೆಬನಾನಿನ ರಾಜಧಾನಿಯಲ್ಲಿರುವ ಅಮೆರಿಕನ್ ಯೂನಿವರ್ಸಿಟಿ ಆಫ್ ಬೈರೂತ್ ಎಂಬ ವಿದ್ಯಾಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿ ನೆಲೆನಿಂತರು. ಮಗ ಮಾಲ್ಕಂ ಹುಟ್ಟಿದ್ದು ಅಲ್ಲಿಯೇ; ಅರಬ್ ದೇಶಗಳ ರಾಜಕಾರಣವನ್ನು ಕುರಿತ ಅವರ ವಿದ್ವತ್ತು ವಿಶ್ವಮಾನ್ಯವಾಗಿತ್ತು. ಮೊಮ್ಮಗ ಸ್ಟೀವ್ ಜನಿಸಿದ್ದೂ ಅದೇ ಬೈರೂತಿನಲ್ಲಿ, 1965ರ ಸೆಪ್ಟೆಂಬರ್ 27ರಂದು. ಈ ಬಾಲಕನಿಗೆ ಮೂಗಿನ ತುದಿಯಲ್ಲಿ ಕೋಪ. ಆಟದಲ್ಲಿ ಸೋತರೆ ಕೂಗಾಡಿ ರಂಪ ಮಾಡುತ್ತಿದ್ದನಂತೆ. ತಂದೆ ಗದರುತ್ತಿರಲಿಲ್ಲ, ಮಗನ ಸಿಟ್ಟಿಳಿಯುವವರೆಗೆ ಕಾಯ್ದು, ಆಮೇಲೆ ಮಾತನಾಡುತ್ತಿದ್ದರೆಂದು ಕೆರ್ ಅವರೇ ಸ್ಮರಿಸಿಕೊಂಡಿದ್ದಾರೆ.

1982ರಲ್ಲಿ, ಅಂತರ್ಯುದ್ಧದ ನಡುವೆ, ಮಾಲ್ಕಂ ಕೆರ್ ಆ ವಿಶ್ವವಿದ್ಯಾನಿಲಯದ ಅಧ್ಯಕ್ಷ ಪದವಿಯನ್ನು ವಹಿಸಿಕೊಂಡರು. ಅಪಾಯದ ಅರಿವು ಅವರಿಗೆ ಇಲ್ಲದೇ ಇರಲಿಲ್ಲ. 1984ರ ಜನವರಿ 18ರಂದು ತಮ್ಮ ಕಚೇರಿಯ ಹೊರಗೆ ಹಂತಕರ ಗುಂಡಿಗೆ ಬಲಿಯಾದಾಗ ಅವರಿಗೆ 52 ವರ್ಷ. ಸ್ಟೀವ್‌ಗೆ 18; ಅಮೆರಿಕದ ಅರಿಜೋನಾ ವಿಶ್ವವಿದ್ಯಾನಿಲಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿ. ನಡುರಾತ್ರಿ ಕಳೆದ ಮೇಲೆ ಬಂದ ದೂರವಾಣಿಯ ಕರೆಯಿಂದ ಸುದ್ದಿ ತಿಳಿಯಿತು. ಎರಡು ದಿನಗಳ ನಂತರ ನೆರೆಯ ಅರಿಜೋನಾ ಸ್ಟೇಟ್ ವಿಶ್ವವಿದ್ಯಾನಿಲಯದ ವಿರುದ್ಧ ಪಂದ್ಯವಿತ್ತು. ಮೌನಾಚರಣೆಯ ಹೊತ್ತಿಗೆ ಕಣ್ಣೀರಿಡುತ್ತ ನಿಂತಿದ್ದ ತರುಣ, ಬದಲಿ ಆಟಗಾರನಾಗಿ ಅಂಗಳಕ್ಕಿಳಿದು ಎಸೆದ ಮೊದಲ ಚೆಂಡೇ ದೂರದಿಂದ ಬುಟ್ಟಿ ಸೇರಿತು. ಆ ದಿನ ಆತ ಗಳಿಸಿದ್ದು 12 ಅಂಕ. ಮನೆಯಲ್ಲಿ ಸೂತಕವಿರುವಾಗ ಆಟವೇ ಎಂದು ನಮ್ಮ ಹಿರಿಯರು ಕೇಳಿಯಾರು. ಹೆತ್ತ ತಾಯಿ, ಒಡಹುಟ್ಟಿದವರು ಬೇರೆ ಬೇರೆ ಊರುಗಳಲ್ಲಿದ್ದಾಗ ಆ ಹುಡುಗನಿಗೆ ಪರಿಚಿತವಾಗಿದ್ದ ಆಸರೆ ಆಟದ ಅಂಗಳವೊಂದೇ ಆಗಿತ್ತೆಂಬುದನ್ನು ಮರೆಯಬಾರದು.

ನಾಲ್ಕು ವರ್ಷಗಳ ಬಳಿಕ, 1988ರಲ್ಲಿ, ಅದೇ ಎದುರಾಳಿಯ ಊರಿನಲ್ಲಿ ಪಂದ್ಯಕ್ಕೆ ಮುಂಚೆ ಕೆಲವು ಪ್ರೇಕ್ಷಕರು ‘ನಿನ್ನ ತಂದೆ ಎಲ್ಲಿ?’ ಎಂದು ಕೂಗಿ ಹಂಗಿಸಿದರು. ಕೆರ್ ಕುಳಿತು ಅತ್ತರು. ಬಳಿಕ ಆಡಲಿಳಿದು ಮೊದಲರ್ಧದಲ್ಲಿಯೇ 20 ಅಂಕ ಗಳಿಸಿದರು. ಮಾತಿಗೆ ಪ್ರತಿಮಾತು ಆಡಲಿಲ್ಲ.

ತಾಯಿ ಆನ್ ಕೆರ್ ಅವರ ಧೈರ್ಯವನ್ನೂ ಇಲ್ಲಿ ನೆನೆಯಬೇಕು. ಪತಿಯನ್ನು ಕಳೆದುಕೊಂಡ ಮೇಲೂ ಆ ನಾಡಿನ ಜನರ ಮೇಲೆ ಅವರು ದ್ವೇಷ ಸಾಧಿಸಲಿಲ್ಲ. ಲೆಬನಾನಿನ ಬದುಕನ್ನು ಕುರಿತು ಪ್ರೀತಿಯಿಂದ ಪುಸ್ತಕ ಬರೆದರು, ಲಾಸ್ ಏಂಜಲೀಸಿನಲ್ಲಿ ಹೊರದೇಶಗಳ ವಿದ್ವಾಂಸರನ್ನು ಬರಮಾಡಿಕೊಳ್ಳುವ ಕಾರ್ಯಕ್ರಮವನ್ನು ಬಹುಕಾಲ ನಡೆಸಿದರು.

ವೃತ್ತಿಪರ ಆಟಗಾರರಾಗಿ ಕೆರ್ ಅವರದು ದೊಡ್ಡ ಹೆಸರೇನೂ ಆಗಿರಲಿಲ್ಲ. 1988ರ ಆಯ್ಕೆಯಲ್ಲಿ ಅವರ ಕ್ರಮಾಂಕ 50. ಹದಿನೈದು ವರ್ಷಗಳಲ್ಲಿ ಬಹುಪಾಲು ಬೆಂಚಿನ ಮೇಲೆ ಕುಳಿತು ಕರೆಗಾಗಿ ಕಾಯುವ ಪಾತ್ರ. ಆದರೆ ಮೂರು ಅಂಕ ತರುವ ದೂರದ ಎಸೆತದಲ್ಲಿ ಅವರ ಗುರಿ ನೂರಕ್ಕೆ 45.4, ಆ ಪಂದ್ಯಾವಳಿಯಲ್ಲಿ ಇಡೀ ವೃತ್ತಿಜೀವನದ ಲೆಕ್ಕದಲ್ಲಿ ಇದನ್ನು ಮೀರಿದವರಿಲ್ಲ. ಷಿಕಾಗೋ ತಂಡದಲ್ಲಿ ಮಹಾನ್ ಆಟಗಾರ ಮೈಕೆಲ್ ಜೋರ್ಡನ್ ಅವರ ಜೊತೆಗಾರರಾಗಿದ್ದಾಗ, 1995ರ ಅಭ್ಯಾಸದಲ್ಲಿ ಇಬ್ಬರಿಗೂ ಕೈಕೈ ಮಿಲಾಯಿಸಿ ಕೆರ್ ಅವರ ಕಣ್ಣು ಊದಿತು. ಜೋರ್ಡನ್ ಕ್ಷಮೆ ಕೇಳಿದರು, ವಿಶ್ವಾಸ ಬೆಳೆಯಿತು. 1997ರ ಅಂತಿಮ ಹಣಾಹಣಿಯ ಆರನೆಯ ಪಂದ್ಯದಲ್ಲಿ, ಸಮ ಅಂಕಗಳಾಗಿ ಕೆಲವೇ ಕ್ಷಣ ಉಳಿದಿದ್ದಾಗ, ಜೋರ್ಡನ್ ಚೆಂಡನ್ನು ಕೊಟ್ಟದ್ದು ಕೆರ್ ಅವರ ಕೈಗೆ. ಅದು ಗುರಿ ತಪ್ಪಲಿಲ್ಲ. ಜೋರ್ಡನ್ ಅವರ ತಂದೆಯೂ 1993ರಲ್ಲಿ ಕೊಲೆಯಾದವರು. ತಂಡದಲ್ಲಿ ಜೊತೆಯಾಗಿ ಆಡಿದ ಈ ಇಬ್ಬರೂ ಆ ವಿಷಯವನ್ನು ಒಮ್ಮೆಯೂ ಮಾತನಾಡಿಕೊಳ್ಳಲಿಲ್ಲವೆಂಬುದು ಓದುವಾಗ ಮನಸ್ಸನ್ನು ಕಲಕುತ್ತದೆ.

2003ರಲ್ಲಿ ಆಟದಿಂದ ನಿವೃತ್ತರಾದ ಕೆರ್, 2014ರಲ್ಲಿ ಕ್ಯಾಲಿಫೋರ್ನಿಯದ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಮುಖ್ಯ ತರಬೇತುದಾರರಾದರು. ಮೊದಲ ವರ್ಷವೇ ಅಂತಿಮ ಸುತ್ತಿಗೆ ಬಂದ ತಂಡ 2–1ರ ಹಿನ್ನಡೆಯಲ್ಲಿತ್ತು. ಆಗ ಪಂದ್ಯಗಳ ವಿಡಿಯೊ ನೋಡಿ ಟಿಪ್ಪಣಿ ಮಾಡುತ್ತಿದ್ದ 28 ವರ್ಷದ ಸಹಾಯಕ ನಿಕ್ ಯುರೆನ್ ಒಂದು ಸಲಹೆ ಕೊಟ್ಟರು: ಎತ್ತರದ ಆಟಗಾರನನ್ನು ಕೂರಿಸಿ, ಆಂಡ್ರೆ ಇಗ್ವೊಡಾಲ ಅವರನ್ನು ಆರಂಭದಿಂದಲೇ ಆಡಿಸಬೇಕು. ಆ ವರ್ಷ ತಂಡದ ಹಿತಕ್ಕಾಗಿ ಮರುಮಾತಿಲ್ಲದೆ ಬೆಂಚಿನ ಮೇಲೆ ಕುಳಿತಿದ್ದ ಹಿರಿಯರು ಇಗ್ವೊಡಾಲ. ಕೆರ್ ಒಪ್ಪಿದರು. ತಂಡ ಸತತ ಮೂರು ಪಂದ್ಯಗಳನ್ನು ಗೆದ್ದು 40 ವರ್ಷಗಳ ಬಳಿಕ ಪ್ರಶಸ್ತಿ ಪಡೆಯಿತು, ಇಗ್ವೊಡಾಲ ಸರಣಿಶ್ರೇಷ್ಠರಾದರು. ಆಲೋಚನೆ ತಮ್ಮದಲ್ಲ, ಯುರೆನ್ ಅವರದೆಂದು ಕೆರ್ ಪತ್ರಕರ್ತರ ಮುಂದೆ ಹೇಳಿಬಿಟ್ಟರು. ಕಿರಿಯರ ಮಾತನ್ನು ಬಳಸಿಕೊಂಡು ಹೆಸರನ್ನು ಮಾತ್ರ ಮರೆಯುವ ಹಿರಿಯರನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಅದೇ ವರ್ಷದ ಬೆನ್ನಿನ ಶಸ್ತ್ರಚಿಕಿತ್ಸೆ ಕೈಕೊಟ್ಟು, ಸಹಿಸಲಸಾಧ್ಯವಾದ ತಲೆನೋವಿನಿಂದ ಅವರು 43 ಪಂದ್ಯಗಳಿಗೆ ಬರಲಾಗಲಿಲ್ಲ. 2017, 2018ರಲ್ಲಿ ಮತ್ತೆ ಪ್ರಶಸ್ತಿ ಬಂದಿತು. 2018ರ ಫೆಬ್ರವರಿಯ ಒಂದು ಪಂದ್ಯದಲ್ಲಿ, ಆಟಗಾರರು ತಮ್ಮ ಮಾತಿಗೆ ಕಿವಿಗೊಡುತ್ತಿಲ್ಲವೆನಿಸಿದಾಗ, ಯೋಜನೆ ಬರೆಯುವ ಫಲಕವನ್ನೇ ಅವರ ಕೈಗಿತ್ತು ‘ಇದು ನಿಮ್ಮ ತಂಡ’ ಎಂಬ ಭಾವದಲ್ಲಿ ಸುಮ್ಮನೆ ಕುಳಿತರು. ತಂಡ 46 ಅಂಕಗಳಿಂದ ಗೆದ್ದಿತು.

2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿ ಎಂಬ ಊರಿನ ಶಾಲೆಯಲ್ಲಿ ಬಂದೂಕುಧಾರಿಯೊಬ್ಬ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದನು. ಅಂದು ಸಂಜೆ ಅದೇ ರಾಜ್ಯದ ಡಲ್ಲಾಸಿನಲ್ಲಿ ಕೆರ್ ಅವರ ತಂಡದ ಪಂದ್ಯವಿತ್ತು. ಪತ್ರಕರ್ತರ ಮುಂದೆ ಕುಳಿತ ಅವರು ಆಟದ ಬಗ್ಗೆ ಒಂದು ಪ್ರಶ್ನೆಗೂ ಉತ್ತರಿಸಲು ಒಪ್ಪಲಿಲ್ಲ. ಮೇಜು ಗುದ್ದಿ, ನಡುಗುವ ದನಿಯಲ್ಲಿ, ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸುವ ಕಾನೂನನ್ನು ತಡೆಹಿಡಿದ ಸೆನೆಟರುಗಳನ್ನು ಪ್ರಶ್ನಿಸಿ ಎದ್ದು ನಡೆದರು. ತಂದೆಯ ಎದುರು ಬಾಲ್ಯದಲ್ಲಿ ತೋರುತ್ತಿದ್ದ ಕೋಪ ಅಂದು ಮತ್ತೆ ಕಂಡಿತು. ಆದರೆ ಅದು ಸೋಲಿನ ಕೋಪವಾಗಿರಲಿಲ್ಲ. ಆ ರಾತ್ರಿ ಅವರ ತಂಡ ಸೋತಿತು. ಮೂರು ವಾರ ಕಳೆದ ಮೇಲೆ ಬಾಸ್ಟನ್ ನಗರದಲ್ಲಿ ನಾಲ್ಕನೆಯ ಪ್ರಶಸ್ತಿಯನ್ನು ಗೆದ್ದುಕೊಂಡಿತು.